ದೋಹಾದ ಆ ಗೋಲು ಮತ್ತು ನಾವು ಬಿಟ್ಟುಕೊಟ್ಟ ಅಂಕಗಳು

ಓದುಗರೊಬ್ಬರ ಪ್ರಶ್ನೆ: 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಏಷ್ಯಾದಿಂದ ನೇರವಾಗಿ 8 ತಂಡಗಳಿಗೆ ಜಾಗ ಇತ್ತು. ಆದರೂ ಭಾರತ ಎರಡನೇ ಸುತ್ತಿನಲ್ಲೇ ಹೊರಬಿತ್ತು. ಕತಾರ್ ಜೊತೆಗಿನ ಕೊನೆಯ ಪಂದ್ಯದಲ್ಲಿ ಚೆಂಡು ಗೆರೆ ದಾಟಿ ಹೊರಗೆ ಹೋದ ಮೇಲೂ ರೆಫರಿ ಗೋಲು ಕೊಟ್ಟರು. ಅಷ್ಟು ದೊಡ್ಡ ತಪ್ಪಾಗಿದ್ದರೂ ಪಂದ್ಯವನ್ನು ಮತ್ತೆ ಆಡಿಸಲಿಲ್ಲ ಏಕೆ? ಆ ಗೋಲಿನಿಂದಲೇ ತಾನೇ ನಾವು ಹೊರಬಿದ್ದದ್ದು? ಜೊತೆಗೆ ಈ ಸುತ್ತುಗಳ ಲೆಕ್ಕವೇ ನನಗೆ ಅರ್ಥವಾಗುವುದಿಲ್ಲ. ವಿಶ್ವಕಪ್ ಅರ್ಹತೆ, ಏಷ್ಯನ್ ಕಪ್ ಅರ್ಹತೆ ಎರಡೂ ಒಂದೇನಾ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಗೋಲು ಗೋಲಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗೋಲಿನಿಂದಲೇ ನಾವು ಹೊರಬಿದ್ದೆವು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಮೊದಲು ಗೋಲಿನ ವಿಚಾರ ಮುಗಿಸೋಣ, ಆಮೇಲೆ ಅಂಕಗಳಿಗೆ ಬರುತ್ತೇನೆ.

2024ರ ಜೂನ್ 11, ದೋಹಾ. 37ನೇ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ಕೊಟ್ಟರು. 73ನೇ ನಿಮಿಷದವರೆಗೂ ಆ ಮುನ್ನಡೆ ಉಳಿದಿತ್ತು. ಆಗ ಕತಾರ್‌ಗೆ ಒಂದು ಫ್ರೀ ಕಿಕ್ ಸಿಕ್ಕಿತು. ಯೂಸುಫ್ ಅಯ್ಮನ್ ತಲೆಯಿಂದ ಹೊಡೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಅವರ ಕೈಯಿಂದ ಜಾರಿ ಗೋಲುಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ನಮ್ಮ ಆಟಗಾರರು ಆಟ ನಿಂತಿತು ಅಂದುಕೊಂಡರು. ಅಷ್ಟರಲ್ಲಿ ಇನ್ನೊಬ್ಬ ಕತಾರ್ ಆಟಗಾರ ಚೆಂಡನ್ನು ಕಾಲಿನಿಂದ ಒಳಗೆ ಎಳೆದರು, ಅಯ್ಮನ್ ಅದನ್ನು ಗೋಲಿಗೆ ತಳ್ಳಿದರು. ಅದು ಕಾರ್ನರ್ ಕಿಕ್ ಆಗಬೇಕಿತ್ತು. ರೆಫರಿ ಗೋಲು ಎಂದರು. 85ನೇ ನಿಮಿಷದಲ್ಲಿ ಅಹ್ಮದ್ ಅಲ್ ರಾವಿ ಇನ್ನೊಂದು ಗೋಲು ಹೊಡೆದರು. 2–1, ಅಲ್ಲಿಗೆ ಮುಗಿಯಿತು.

ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಅಂದರೆ ಎಐಎಫ್ಎಫ್, ಫಿಫಾಗೂ ಏಷ್ಯಾ ಫುಟ್‌ಬಾಲ್ ಒಕ್ಕೂಟಕ್ಕೂ ದೂರು ಕೊಟ್ಟಿತು. ಫಲಿತಾಂಶ ಬದಲಾಗಲಿಲ್ಲ. ಬದಲಾಗುವ ದಾರಿಯೂ ಇರಲಿಲ್ಲ. ಕಾರಣ ಆಟದ ನಿಯಮಪುಸ್ತಕದಲ್ಲೇ ಇದೆ. ಆಟಕ್ಕೆ ಸಂಬಂಧಿಸಿದ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಕೊನೆ ಎಂದು ಐದನೇ ನಿಯಮ ಹೇಳುತ್ತದೆ. ಗೋಲಾಯಿತೋ ಇಲ್ಲವೋ, ಪಂದ್ಯದ ಫಲಿತಾಂಶ ಏನು ಎನ್ನುವುದೂ ಅದರಲ್ಲಿ ಸೇರಿದೆ. ಚೆಂಡು ಗೆರೆ ದಾಟಿತೇ ಎನ್ನುವುದು ಒಂದು ಸಂಗತಿ. ರೆಫರಿ ಅದನ್ನು ತಪ್ಪಾಗಿ ಕಂಡರು, ಅಥವಾ ಕಾಣಲೇ ಇಲ್ಲ. ಕಣ್ಣಿನ ತಪ್ಪಿಗೆ ಮರುಪಂದ್ಯ ಇಲ್ಲ.

ಹಾಗಾದರೆ ಮರುಪಂದ್ಯ ಯಾವಾಗ? ರೆಫರಿ ನಿಯಮವನ್ನೇ ತಪ್ಪಾಗಿ ಅನ್ವಯಿಸಿದಾಗ. ಇದಕ್ಕೆ ಏಷ್ಯಾದ ಅರ್ಹತಾ ಸುತ್ತಿನಲ್ಲೇ ಒಂದು ಉದಾಹರಣೆ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮರುಪಂದ್ಯ ಸಿಕ್ಕರೆ ನ್ಯಾಯ ಸಿಕ್ಕಿತು ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ.

2005ರ ಸೆಪ್ಟೆಂಬರ್, ತಾಷ್ಕೆಂಟ್. 2006ರ ವಿಶ್ವಕಪ್‌ಗೆ ಹೋಗಲು ಉಜ್ಬೇಕಿಸ್ತಾನ ಮತ್ತು ಬಹ್ರೇನ್ ಎರಡು ಪಂದ್ಯಗಳ ಪ್ಲೇಆಫ್ ಆಡುತ್ತಿದ್ದವು. ಮೊದಲ ಪಂದ್ಯದಲ್ಲಿ ಉಜ್ಬೇಕಿಸ್ತಾನ 1–0 ಮುಂದಿತ್ತು. ಅವರಿಗೆ ಪೆನಾಲ್ಟಿ ಸಿಕ್ಕಿತು, ಅದು ಗೋಲೂ ಆಯಿತು. ಆದರೆ ಕಿಕ್ ಹೊಡೆಯುವ ಮೊದಲೇ ಉಜ್ಬೇಕ್ ಆಟಗಾರರೊಬ್ಬರು ಪೆನಾಲ್ಟಿ ಪ್ರದೇಶದೊಳಗೆ ನುಗ್ಗಿದ್ದರು. ನಿಯಮದ ಪ್ರಕಾರ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕಿತ್ತು. ರೆಫರಿ ಅದರ ಬದಲು ಬಹ್ರೇನ್‌ಗೆ ಫ್ರೀ ಕಿಕ್ ಕೊಟ್ಟುಬಿಟ್ಟರು. ನುಗ್ಗಿದ್ದನ್ನು ಅವರು ಸರಿಯಾಗಿಯೇ ಕಂಡಿದ್ದರು. ತಪ್ಪಿದ್ದು ನಿಯಮ. ಪಂದ್ಯ 1–0ಯಲ್ಲಿ ಮುಗಿಯಿತು.

ದೂರು ಕೊಟ್ಟದ್ದು ಗೆದ್ದ ಉಜ್ಬೇಕಿಸ್ತಾನವೇ. ತಮಗೆ 3–0 ಗೆಲುವು ಕೊಡಬೇಕು ಎಂದು ಕೇಳಿದರು. ಫಿಫಾ ಇಡೀ ಪಂದ್ಯವನ್ನೇ ರದ್ದು ಮಾಡಿ ಮತ್ತೆ ಆಡಿಸಿತು. ಅಕ್ಟೋಬರ್‌ನಲ್ಲಿ ನಡೆದ ಮರುಪಂದ್ಯ 1–1. ಮನಾಮಾದಲ್ಲಿ ಎರಡನೇ ಪಂದ್ಯ 0–0. ಎದುರಾಳಿ ನೆಲದಲ್ಲಿ ಹೊಡೆದ ಆ ಒಂದು ಗೋಲಿನ ಬಲದಿಂದ ಬಹ್ರೇನ್ ಮುಂದೆ ಹೋಯಿತು. ರೆಫರಿಯ ತಪ್ಪಿನಿಂದ ಒಂದು ಗೋಲು ಕಳೆದುಕೊಂಡ ತಂಡವೇ ಕೊನೆಗೆ ಗೆದ್ದ ಪಂದ್ಯವನ್ನೂ ಕಳೆದುಕೊಂಡಿತು. ಉಜ್ಬೇಕಿಸ್ತಾನಕ್ಕೆ ವಿಶ್ವಕಪ್ ಬಾಗಿಲು ತೆರೆಯಲು ಮತ್ತೆ 20 ವರ್ಷ ಬೇಕಾಯಿತು. ಅವರ ಕಥೆಗೆ ಮತ್ತೆ ಬರುತ್ತೇನೆ.

ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಯ ತಪ್ಪು ತಿದ್ದುವ ವ್ಯವಸ್ಥೆ, ಇರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಎರಡನೇ ಸುತ್ತಿನ ಪಂದ್ಯಗಳು ವಿಎಆರ್ ಇಲ್ಲದೆಯೇ ನಡೆದವು, ಮೂರನೇ ಸುತ್ತಿನಿಂದ ಬಂತು. 36 ದೇಶಗಳು ಆಡುವ ಸುತ್ತಿನಲ್ಲಿ ಪ್ರತಿ ಮೈದಾನದಲ್ಲೂ ಅದಕ್ಕೆ ತಕ್ಕ ಕ್ಯಾಮೆರಾ, ಕೊಠಡಿ, ತರಬೇತಾದ ರೆಫರಿಗಳು ಬೇಕು, ಸುಲಭವಲ್ಲ ಎಂಬುದು ಗೊತ್ತು. ಆದರೂ ಯಾರು ಮುಂದೆ ಹೋಗುತ್ತಾರೆ ಎಂದು ತೀರ್ಮಾನವಾಗುವ ಕೊನೆಯ ದಿನದ ಪಂದ್ಯಗಳಿಗಾದರೂ ಇರಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಅರ್ಹತಾ ಸುತ್ತಿಗೆ ಎಐಎಫ್ಎಫ್ ಕೇಳಬೇಕಾದದ್ದು ಇದನ್ನು.

ಈಗ ಅಂಕಗಳಿಗೆ ಬರೋಣ.

ಎ ಗುಂಪಿನಲ್ಲಿ ಕತಾರ್, ಭಾರತ, ಕುವೈತ್, ಅಫ್ಘಾನಿಸ್ತಾನ ಇದ್ದವು. ಪ್ರತಿ ತಂಡಕ್ಕೆ 6 ಪಂದ್ಯ. ಮೊದಲ ಎರಡು ತಂಡಗಳು ಮೂರನೇ ಸುತ್ತಿಗೆ. ಒಂದು ವಿಷಯ ನೆನಪಿಡಿ. 2023ರ ಜುಲೈನಲ್ಲಿ ಚೀಟಿ ಎತ್ತಿ ಗುಂಪು ಮಾಡಿದಾಗ ಭಾರತ ಎರಡನೇ ಪಾಟ್‌ನಲ್ಲಿತ್ತು (ಪಾಟ್ ಅಂದರೆ ರ‍್ಯಾಂಕಿಂಗ್ ನೋಡಿ ವಿಂಗಡಿಸಿದ ತಂಡಗಳ ಪಟ್ಟಿ), ಕುವೈತ್ ಮೂರನೆಯದರಲ್ಲಿ. ಅಂದರೆ ರ‍್ಯಾಂಕಿಂಗ್ ಪ್ರಕಾರ ಎರಡನೇ ಸ್ಥಾನ ನಮ್ಮದೇ ಆಗಬೇಕಿತ್ತು. ಕನಸಿನ ಗುರಿಯೇನೂ ಆಗಿರಲಿಲ್ಲ ಅದು. ಕತಾರ್ ಏಷ್ಯಾ ಚಾಂಪಿಯನ್, ಅದು ಮೊದಲ ಸ್ಥಾನ ತೆಗೆದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದ ಒಂದು ಜಾಗಕ್ಕೆ ಮೂರು ತಂಡ.

ಶುರು ಚೆನ್ನಾಗಿಯೇ ಆಯಿತು. 2023ರ ನವೆಂಬರ್ 16ರಂದು ಕುವೈತ್‌ಗೆ ಹೋಗಿ ಮನ್ವೀರ್ ಸಿಂಗ್ ಗೋಲಿನಿಂದ 1–0 ಗೆದ್ದೆವು. ಗುಂಪಿನ ಅತಿ ಕಷ್ಟದ ಕೆಲಸ ಮೊದಲ ದಿನವೇ ಮುಗಿದಿತ್ತು. ಭುವನೇಶ್ವರದಲ್ಲಿ ಕತಾರ್ ಎದುರು 0–3 ಸೋತದ್ದು ಯಾರಿಗೂ ಆಶ್ಚರ್ಯ ತರಲಿಲ್ಲ.

2024ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಜೊತೆ ಐದಾರು ದಿನದ ಅಂತರದಲ್ಲಿ ಎರಡು ಪಂದ್ಯ. ಆ ತಂಡದ ಸ್ಥಿತಿ ಹೇಗಿತ್ತು ಗೊತ್ತಾ? ಸ್ವಂತ ನೆಲದಲ್ಲಿ ಆಡುವಂತಿಲ್ಲ, ಹಾಗಾಗಿ ಸೌದಿ ಅರೇಬಿಯಾದ ಅಭಾದಲ್ಲಿ ‘ತವರು’ ಪಂದ್ಯ. ತಮ್ಮ ಒಕ್ಕೂಟದ ಜೊತೆ ಜಗಳವಾಗಿ ಅನುಭವಿ ಆಟಗಾರರು ಹಲವರು ದೂರ ಉಳಿದಿದ್ದರು. ನವೆಂಬರ್‌ನಲ್ಲಿ ಕತಾರ್ ಕೈಯಲ್ಲಿ 8–1, ಕುವೈತ್ ಕೈಯಲ್ಲಿ 4–0 ಸೋತು ಬಂದಿದ್ದರು. ಅಂಥ ತಂಡದ ಜೊತೆ ಅಭಾದಲ್ಲಿ ನಾವು 0–0 ಆಡಿದೆವು. ಆಮೇಲೆ ಮಾರ್ಚ್ 26, ಗುವಾಹಟಿ. ಸುನಿಲ್ ಛೆಟ್ರಿ ಅವರ 150ನೇ ಅಂತರರಾಷ್ಟ್ರೀಯ ಪಂದ್ಯ. ಅವರೇ ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆ ಕೊಟ್ಟರು. 70ನೇ ನಿಮಿಷದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು, 88ನೇ ನಿಮಿಷದಲ್ಲಿ ಶರೀಫ್ ಮುಖಮ್ಮದ್ ಪೆನಾಲ್ಟಿಯಿಂದ ಗೆಲ್ಲಿಸಿದರು. 1–2. ತುಂಬಾ ನೋವಿನ ರಾತ್ರಿ ಅದು. ನನ್ನ ಲೆಕ್ಕದಲ್ಲಿ ನಮ್ಮ ಅರ್ಹತಾ ಸುತ್ತು ಮುರಿದದ್ದು ಅಲ್ಲಿ.

ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂ. ಕುವೈತ್ ಎದುರು, ಛೆಟ್ರಿ ಅವರ ವಿದಾಯದ ಪಂದ್ಯ. ಜನ ಕಿಕ್ಕಿರಿದಿದ್ದರು. 0–0. ಎಲ್ಲರೂ ಛೆಟ್ರಿ ಕಣ್ಣೀರನ್ನು ನೋಡಿದರು, ಅದು ಸಹಜ. ಆದರೆ ಆ ದಿನ ಕೈತಪ್ಪಿದ ಎರಡು ಅಂಕಗಳ ಬಗ್ಗೆ ಮಾತಾಡಿದವರು ಕಡಿಮೆ.

ಕೊನೆಯ ಪಟ್ಟಿ ಹೀಗಿತ್ತು: ಕತಾರ್ 16, ಕುವೈತ್ 7, ಭಾರತ 5, ಅಫ್ಘಾನಿಸ್ತಾನ 5. ಗೋಲು ವ್ಯತ್ಯಾಸದಿಂದ, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕದಿಂದ, ನಾವು ಮೂರನೆಯವರು.

ಈ ಅಂಕಗಳು ಎಲ್ಲಿಂದ ಬಂದವು ಎಂದು ನೋಡಿ. ಕುವೈತ್‌ನ 7ರಲ್ಲಿ 6 ಅಂಕ ಅಫ್ಘಾನಿಸ್ತಾನದಿಂದ, 1 ನಮ್ಮಿಂದ. ನಮ್ಮ 5ರಲ್ಲಿ 4 ಅಂಕ ಕುವೈತ್‌ನಿಂದ, 1 ಅಫ್ಘಾನಿಸ್ತಾನದಿಂದ. ಕತಾರ್‌ನಿಂದ ಇಬ್ಬರಿಗೂ ಸೊನ್ನೆ. ಎದುರುಬದುರು ಆಡಿದಾಗ ನಾವೇ ಕುವೈತ್‌ಗಿಂತ ಮೇಲು. ಆದರೂ ಹೋದದ್ದು ಕುವೈತ್. ಗುಂಪಿನ ಕೊನೆಯ ತಂಡವನ್ನು ಅವರು ಎರಡು ಸಲವೂ ಸೋಲಿಸಿದರು, ನಾವು ಒಂದು ಸಲವೂ ಸೋಲಿಸಲಿಲ್ಲ. ಅಷ್ಟೇ ವ್ಯತ್ಯಾಸ.

ಈಗ ದೋಹಾದ ಗೋಲನ್ನು ಈ ಪಟ್ಟಿಯಲ್ಲಿ ಇಟ್ಟು ನೋಡೋಣ. ಆ ಗೋಲು ಕೊಡದೆ ನಾವು 1–0 ಗೆದ್ದಿದ್ದರೆ 8 ಅಂಕ, ಮೂರನೇ ಸುತ್ತು ಖಚಿತ. ನಿಜ. ಆದರೆ ಆ ಗೋಲನ್ನು ತೆಗೆದು ಅಲ್ ರಾವಿ ಗೋಲನ್ನು ಮಾತ್ರ ಉಳಿಸಿದರೆ? 1–1, ನಮಗೆ 6 ಅಂಕ. ಅದೇ ರಾತ್ರಿ ಕುವೈತ್ ಅಫ್ಘಾನಿಸ್ತಾನವನ್ನು 1–0 ಸೋಲಿಸಿತು, ಅವರಿಗೆ 7. ಆಗಲೂ ನಾವು ಹೊರಗೇ. ಕತಾರ್ ಅಷ್ಟು ಹೊತ್ತಿಗೆ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಹೆಚ್ಚಾಗಿ ಎಳೆಯ ಆಟಗಾರರನ್ನೇ ಇಳಿಸಿತ್ತು ಎನ್ನುವುದನ್ನೂ ಮರೆಯಬಾರದು.

ಉಳಿದ ಫಲಿತಾಂಶಗಳೆಲ್ಲ ಹಾಗೆಯೇ ಇದ್ದವು ಅಂದುಕೊಂಡು ಒಂದೊಂದೇ ಪಂದ್ಯ ಬದಲಾಯಿಸಿ ನೋಡಿ. ಗುವಾಹಟಿಯಲ್ಲಿ ಗೆದ್ದಿದ್ದರೆ ನಮಗೆ 8, ಕುವೈತ್‌ಗೆ 7. ದೋಹಾದಲ್ಲಿ ಸೋತರೂ ನಾವೇ ಮುಂದೆ. ಕೋಲ್ಕತ್ತದಲ್ಲಿ ಒಂದೇ ಒಂದು ಗೋಲು ಹೊಡೆದು ಗೆದ್ದಿದ್ದರೆ ನಮಗೆ 7, ಕುವೈತ್‌ಗೆ 6. ಆಗಲೂ ನಾವೇ. ಅಂದರೆ ತವರಿನ ಎರಡು ಪಂದ್ಯಗಳಲ್ಲಿ ಯಾವುದಾದರೂ ಒಂದನ್ನು ಗೆದ್ದಿದ್ದರೆ ಸಾಕಿತ್ತು, ದೋಹಾದ ರೆಫರಿ ಏನೇ ಮಾಡಿದ್ದರೂ.

ಅಭಾದಲ್ಲಿ 1–0 ಗೆದ್ದಿದ್ದರೆ? ಇಲ್ಲಿ ನಿಯಮದ ಒಂದು ಸೂಕ್ಷ್ಮ ಇದೆ. ನಮಗೂ 7, ಕುವೈತ್‌ಗೂ 7 ಆಗುತ್ತಿತ್ತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಅಂಕ ಸಮವಾದರೆ ಮೊದಲು ನೋಡುವುದು ಇಡೀ ಗುಂಪಿನ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು, ಎದುರುಬದುರು ಫಲಿತಾಂಶ ನಂತರ. ಕುವೈತ್‌ನ ವ್ಯತ್ಯಾಸ ಸೊನ್ನೆ, ನಮ್ಮದು ಮೈನಸ್ 3 ಆಗಿರುತ್ತಿತ್ತು. ಅವರೇ ಹೋಗುತ್ತಿದ್ದರು. ಅಫ್ಘಾನಿಸ್ತಾನದ ಮೇಲೆ ಕುವೈತ್ ಹೊಡೆದ ಆ 4 ಗೋಲುಗಳಿಗೆ ಅಷ್ಟು ಬೆಲೆ ಇತ್ತು. ಏಷ್ಯನ್ ಕಪ್‌ನ ಪ್ರತ್ಯೇಕ ಅರ್ಹತಾ ಸುತ್ತಿನಲ್ಲಿ ಇದು ಉಲ್ಟಾ, ಅಲ್ಲಿ ಎದುರುಬದುರು ಫಲಿತಾಂಶವನ್ನೇ ಮೊದಲು ನೋಡುತ್ತಾರೆ. ಟಿವಿಯಲ್ಲಿ ಪಟ್ಟಿ ನೋಡುವಾಗ ಯಾವ ಟೂರ್ನಿಯ ನಿಯಮ ಎಂದು ಒಮ್ಮೆ ವಿಚಾರಿಸಿಕೊಳ್ಳಿ. ಎಷ್ಟೋ ವಾದಗಳು ಇದರಿಂದಲೇ ಹುಟ್ಟುತ್ತವೆ.

ಇದು ಒಂದು ಸಲದ ದುರದೃಷ್ಟ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹಿಂದಿನ ಅರ್ಹತಾ ಸುತ್ತನ್ನು, ಅಂದರೆ 2022ರ ವಿಶ್ವಕಪ್‌ನದ್ದನ್ನು ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ದೋಹಾಕ್ಕೆ ಹೋಗಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0–0 ಡ್ರಾ ಮಾಡಿದೆವು. ದೇಶವೆಲ್ಲ ಕುಣಿಯಿತು. ಮುಂದಿನ ತಿಂಗಳು ಕೋಲ್ಕತ್ತದಲ್ಲಿ ಬಾಂಗ್ಲಾದೇಶದ ಜೊತೆ 1–1, ಅದೂ ಕೊನೆಗಳಿಗೆಯಲ್ಲಿ ಆದಿಲ್ ಖಾನ್ ಗೋಲಿನಿಂದ. ನವೆಂಬರ್‌ನಲ್ಲಿ ದುಶಾಂಬೆಯಲ್ಲಿ ಅಫ್ಘಾನಿಸ್ತಾನದ ಜೊತೆ 1–1, ಅದೂ ಇಂಜುರಿ ಟೈಮ್‌ನಲ್ಲಿ ಉಳಿದದ್ದು. ಆ ಗುಂಪಿನಲ್ಲೂ ಮೂರನೇ ಸ್ಥಾನ. ದೊಡ್ಡವರ ಎದುರು ತಡೆದು ನಿಲ್ಲುತ್ತೇವೆ, ನಮ್ಮ ಸಮ ಅಥವಾ ಕೆಳಗಿನವರನ್ನು ಸೋಲಿಸಲು ಆಗುವುದಿಲ್ಲ.

ಕಾರಣ ಗೋಲು. ಎ ಗುಂಪಿನ 6 ಪಂದ್ಯಗಳಲ್ಲಿ ನಾವು ಹೊಡೆದದ್ದು ಮೂರೇ ಗೋಲು, ಅದರಲ್ಲೊಂದು ಪೆನಾಲ್ಟಿ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರರ ಎದುರೂ ಸೋತೆವು, ಒಂದೂ ಗೋಲು ಹೊಡೆಯಲಿಲ್ಲ. ತಡೆಯುವುದನ್ನು ತರಬೇತಿಯಿಂದ ಬೇಗ ಕಲಿಸಬಹುದು. ಹತ್ತು ಜನ ಹಿಂದೆ ನಿಂತ ಎದುರಾಳಿಯನ್ನು ಒಡೆದು ಗೋಲು ಹೊಡೆಯುವುದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಆ ಜಾಗದಲ್ಲಿ ಆಡಿ ಪಳಗಿದ ಸ್ಟ್ರೈಕರ್ ಬೇಕು. ನಮ್ಮ ಕ್ಲಬ್‌ಗಳಲ್ಲಿ ಆ ಜಾಗ ಹೆಚ್ಚಾಗಿ ವಿದೇಶಿ ಆಟಗಾರರದ್ದು. 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್ಎಲ್) ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದದ್ದು ಯಾರು? ಬೆಂಗಳೂರು ಎಫ್‌ಸಿಯ ಛೆಟ್ರಿ, 14 ಗೋಲು, 40 ವರ್ಷ ವಯಸ್ಸಿನಲ್ಲಿ. ಅವರ ಮೇಲೆ ನನಗೆ ಎಷ್ಟು ಅಭಿಮಾನವೋ ಈ ಲೆಕ್ಕ ನೋಡಿದಾಗ ಅಷ್ಟೇ ಸಂಕಟ.

ಇನ್ನು ಸುತ್ತುಗಳ ವಿಚಾರ. ಕೇಳಲು ಗೋಜಲು, ಒಮ್ಮೆ ಹಿಡಿದರೆ ಸುಲಭ. 2026ಕ್ಕೆ ಏಷ್ಯಾದಿಂದ 46 ತಂಡಗಳು ಹೊರಟವು. ರ‍್ಯಾಂಕಿಂಗ್‌ನಲ್ಲಿ ಕೆಳಗಿದ್ದ 20 ತಂಡಗಳು 2023ರ ಅಕ್ಟೋಬರ್‌ನಲ್ಲಿ ಜೋಡಿ ಜೋಡಿಯಾಗಿ ಎರಡೆರಡು ಪಂದ್ಯ ಆಡಿದವು. ಗೆದ್ದ 10 ತಂಡಗಳು ಮೇಲಿನ 26ರ ಜೊತೆ ಸೇರಿ ಎರಡನೇ ಸುತ್ತಿಗೆ 36. ಅವು 4ರಂತೆ 9 ಗುಂಪು. ಪ್ರತಿ ಗುಂಪಿನಿಂದ ಇಬ್ಬರು, ಅಂದರೆ 18 ತಂಡ, ಮೂರನೇ ಸುತ್ತಿಗೆ. ಅಲ್ಲಿ 6ರಂತೆ 3 ಗುಂಪು, ತಲಾ 10 ಪಂದ್ಯ. ಪ್ರತಿ ಗುಂಪಿನ ಮೊದಲ ಎರಡು ತಂಡ ನೇರ ವಿಶ್ವಕಪ್‌ಗೆ. ಮೂರನೇ ಮತ್ತು ನಾಲ್ಕನೇ ಸ್ಥಾನದ 6 ತಂಡಗಳು ನಾಲ್ಕನೇ ಸುತ್ತಿಗೆ, ಅಲ್ಲಿ ಇನ್ನೆರಡು ಜಾಗ. ಆ ಸುತ್ತಿನಲ್ಲಿ ಎರಡನೇ ಸ್ಥಾನ ಪಡೆದ ಇಬ್ಬರು ಐದನೇ ಸುತ್ತಿನಲ್ಲಿ ಆಡಿ, ಗೆದ್ದವರು ಬೇರೆ ಖಂಡಗಳ ತಂಡಗಳ ಜೊತೆಗಿನ ಪ್ಲೇಆಫ್‌ಗೆ.

2022ರಲ್ಲಿ ಏಷ್ಯಾಕ್ಕೆ ನಾಲ್ಕು ನೇರ ಜಾಗ, ಒಂದು ಪ್ಲೇಆಫ್ ಅವಕಾಶ, ಆತಿಥೇಯ ಕತಾರ್ ಬೇರೆ. ವಿಶ್ವಕಪ್ 32ರಿಂದ 48 ತಂಡಗಳಿಗೆ ಬೆಳೆದಾಗ ನೇರ ಜಾಗ ದುಪ್ಪಟ್ಟಾಯಿತು. ಇದನ್ನು ಬಳಸಿಕೊಂಡವರು ಯಾರು ನೋಡಿ. ಜಪಾನ್, ಇರಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಎಂದಿನಂತೆ ಹೋದವು. ಆತಿಥೇಯರನ್ನು ಬಿಟ್ಟರೆ ಜಗತ್ತಿನಲ್ಲೇ ಮೊದಲು ಅರ್ಹತೆ ಪಡೆದದ್ದು ಜಪಾನ್, 2025ರ ಮಾರ್ಚ್ 20ರಂದು. ಜೊತೆಗೆ ಮೊದಲ ಬಾರಿಗೆ ಉಜ್ಬೇಕಿಸ್ತಾನ ಮತ್ತು ಜೋರ್ಡಾನ್. ಎರಡಕ್ಕೂ ಖಚಿತವಾದದ್ದು ಒಂದೇ ದಿನ, 2025ರ ಜೂನ್ 5.

ಉಜ್ಬೇಕಿಸ್ತಾನದ ಕಥೆಗೆ ಮತ್ತೆ ಬರುತ್ತೇನೆ ಎಂದಿದ್ದೆ. 2005ರ ಮರುಪಂದ್ಯದ ಪೆಟ್ಟಾದ ಮೇಲೆ 2013ರಲ್ಲಿ ಮತ್ತೆ ಹತ್ತಿರ ಬಂದರು. ಗುಂಪಿನಲ್ಲಿ ದಕ್ಷಿಣ ಕೊರಿಯಾದಷ್ಟೇ 14 ಅಂಕ. ಗೋಲು ವ್ಯತ್ಯಾಸ ಕೊರಿಯಾದ್ದು 6, ಇವರದ್ದು 5. ಒಂದೇ ಒಂದು ಗೋಲು. ಆಮೇಲೆ ಪ್ಲೇಆಫ್‌ನಲ್ಲಿ ಜೋರ್ಡಾನ್ ಎದುರು ಎರಡೂ ಪಂದ್ಯ 1–1, ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಸೋಲು. 2022ರ ಅರ್ಹತೆಯಲ್ಲಿ ಎರಡನೇ ಸುತ್ತಿನಲ್ಲೇ ಹೊರಬಿದ್ದರು. ಇಷ್ಟಾದರೂ ಅವರು ಪ್ರಯತ್ನ ನಿಲ್ಲಿಸಲಿಲ್ಲ.  ಹಾಗೆ ಪ್ರಯತ್ನಿಸುತ್ತಲೇ ಇದ್ದವರಿಗೆ ಜಾಗ ಹೆಚ್ಚಾದಾಗ ಬಾಗಿಲು ತೆರೆಯಿತು.

ಇಂಡೊನೇಷ್ಯಾ ಇನ್ನೊಂದು ಉದಾಹರಣೆ. ಮೊದಲ ಸುತ್ತಿನಿಂದ, ಅಂದರೆ ನಮಗಿಂತ ಕೆಳಗಿನಿಂದ ಶುರು ಮಾಡಿದವರು. ಬ್ರೂನೈ ಎದುರು ಎರಡೂ ಪಂದ್ಯ 6–0. ಅಲ್ಲಿಂದ ನಾಲ್ಕನೇ ಸುತ್ತಿನವರೆಗೂ ಹೋದರು, ದಾರಿಯಲ್ಲಿ ಜಕಾರ್ತಾದಲ್ಲಿ ಸೌದಿ ಅರೇಬಿಯಾವನ್ನು 2–0 ಸೋಲಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಬೆಳೆದ, ಇಂಡೊನೇಷ್ಯಾ ಮೂಲದ ಆಟಗಾರರಿಗೆ ಪೌರತ್ವ ಕೊಟ್ಟು ತಂಡ ಕಟ್ಟಿದರು ಎನ್ನುವುದು ನಿಜ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶ ಇಲ್ಲ, ಹಾಗಾಗಿ ವಿದೇಶದಲ್ಲಿರುವ ಭಾರತ ಮೂಲದವರು ಇಲ್ಲಿ ಆಡಬೇಕಾದರೆ ಆ ಪಾಸ್‌ಪೋರ್ಟ್ ಬಿಡಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ್ದನ್ನು ಬಿಟ್ಟು ಭಾರತದ ಪೌರತ್ವ ಪಡೆದರು. ಇಂಥವರು ಒಬ್ಬಿಬ್ಬರು ಬರಬಹುದು. ಇಂಡೊನೇಷ್ಯಾದ ದಾರಿ ನಮಗೆ ಅಷ್ಟು ಸಲೀಸಲ್ಲ.

ರೆಫರಿಯ ತಪ್ಪಿನ ಬಗ್ಗೆ ಕೇಳಿದಿರಿ. ನನಗೆ ಅದಕ್ಕಿಂತ ಜಾಸ್ತಿ ಬೇಸರ ತಂದದ್ದು ನಾಲ್ಕನೇ ಸುತ್ತಿನ ವ್ಯವಸ್ಥೆ. 2025ರ ಅಕ್ಟೋಬರ್‌ನಲ್ಲಿ ಎರಡು ಗುಂಪಿನ ಪಂದ್ಯಗಳನ್ನೂ ಸ್ಪರ್ಧೆಯಲ್ಲಿದ್ದ ಎರಡು ದೇಶಗಳಲ್ಲೇ ಇಟ್ಟರು, ಕತಾರ್‌ನಲ್ಲಿ ಮತ್ತು ಸೌದಿ ಅರೇಬಿಯಾದಲ್ಲಿ. ಮೂರು ತಂಡದ ಗುಂಪು, ಪಂದ್ಯಗಳು ಅಕ್ಟೋಬರ್ 8, 11, 14ಕ್ಕೆ. ಆತಿಥೇಯರು ಆಡಿದ್ದು 8 ಮತ್ತು 14ರಂದು. 14ರಂದು ಅವರ ಎದುರು ನಿಂತ ಯುಎಇ ಮತ್ತು ಇರಾಕ್ 11ರಂದು ಆಡಿ ಬಂದಿದ್ದವು. ಒಬ್ಬರಿಗೆ ಆರು ದಿನ ಬಿಡುವು, ಇನ್ನೊಬ್ಬರಿಗೆ ಮೂರು. ಕತಾರ್ ಯುಎಇಯನ್ನು 2–1 ಸೋಲಿಸಿತು. ಸೌದಿ ಮತ್ತು ಇರಾಕ್ 0–0 ಆಡಿದವು. ಇಬ್ಬರಿಗೂ 4 ಅಂಕ, ಗೋಲು ವ್ಯತ್ಯಾಸವೂ ಸಮ. ಇಂಡೊನೇಷ್ಯಾವನ್ನು ಸೌದಿ 3–2 ಸೋಲಿಸಿತ್ತು, ಇರಾಕ್ 1–0. ಹೆಚ್ಚು ಗೋಲು ಹೊಡೆದದ್ದಕ್ಕೆ ಸೌದಿ ವಿಶ್ವಕಪ್‌ಗೆ ಹೋಯಿತು. ಆತಿಥೇಯರಿಬ್ಬರಿಗೂ ಜಾಗ ಸಿಕ್ಕಿತು. ಆಟಗಾರರು ಚೆನ್ನಾಗಿ ಆಡಿದ್ದಾರೆ, ಅವರ ಮೇಲೆ ಆಕ್ಷೇಪ ಇಲ್ಲ. ಆದರೆ ಇಂಥ ನಿರ್ಣಾಯಕ ಪಂದ್ಯಗಳು ಮೂರನೇ ದೇಶದಲ್ಲಿ ನಡೆಯಬೇಕಿತ್ತು. ಇರಾಕ್ ನವೆಂಬರ್‌ನಲ್ಲಿ ಬಸ್ರಾದಲ್ಲಿ ಯುಎಇಯನ್ನು ಇಂಜುರಿ ಟೈಮ್‌ನ ಪೆನಾಲ್ಟಿಯಿಂದ 2–1 ಸೋಲಿಸಿ ಖಂಡಾಂತರ ಪ್ಲೇಆಫ್‌ಗೆ ಹೋಯಿತು.

ಏಷ್ಯನ್ ಕಪ್ ಬಗ್ಗೆಯೂ ಕೇಳಿದ್ದೀರಿ. ಎರಡೂ ಅರ್ಧ ದಾರಿ ಒಟ್ಟಿಗೆ ಹೋಗುತ್ತವೆ, ಆಮೇಲೆ ಬೇರೆಯಾಗುತ್ತವೆ. ಎರಡನೇ ಸುತ್ತಿನಲ್ಲಿ ಮೊದಲ ಎರಡು ಸ್ಥಾನ ಪಡೆದ 18 ತಂಡಗಳಿಗೆ 2027ರಲ್ಲಿ ಸೌದಿಯಲ್ಲಿ ನಡೆಯುವ ಏಷ್ಯನ್ ಕಪ್‌ಗೂ ನೇರ ಟಿಕೆಟ್ ಸಿಕ್ಕಿತು. ಟೂರ್ನಿಗೆ ಒಟ್ಟು 24 ತಂಡ. ಉಳಿದ 6 ಜಾಗಕ್ಕೆ ಸೋತವರೆಲ್ಲ ಸೇರಿ ಮತ್ತೆ 24 ತಂಡ, 6 ಗುಂಪು. ಈ ಸಲ ಗುಂಪಿನಿಂದ ಒಬ್ಬರಿಗೆ ಮಾತ್ರ ಜಾಗ. ಹಾಗಾಗಿ ಕುವೈತ್ ಗೆದ್ದದ್ದು ಬರೀ ಒಂದು ಸುತ್ತನ್ನಲ್ಲ. ಏಷ್ಯನ್ ಕಪ್ ಜಾಗವೂ ಸಿಕ್ಕಿತು, ಕೊರಿಯಾ, ಇರಾಕ್, ಜೋರ್ಡಾನ್‌ನಂಥವರ ಜೊತೆ 10 ಪಂದ್ಯಗಳೂ ಸಿಕ್ಕವು. ಆ ಹತ್ತರಲ್ಲಿ ಅವರು ಒಂದೂ ಗೆಲ್ಲಲಿಲ್ಲ, 5 ಡ್ರಾ ಮಾಡಿದರು. ಆದರೂ ಆ ಅನುಭವ ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ.

ನಮಗೆ ಸಿಕ್ಕ ಗುಂಪಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಇದ್ದವು. ಈ ಸಲ ಭಾರತ ಮೊದಲ ಪಾಟ್‌ನಲ್ಲಿತ್ತು. ಆದರೆ 2024ರ ಇಡೀ ವರ್ಷ ತಂಡ ಒಂದೂ ಪಂದ್ಯ ಗೆದ್ದಿರಲಿಲ್ಲ. ಕೋಚ್ ಇಗೊರ್ ಸ್ಟಿಮಾಚ್ ಹೋಗಿ ಮನೋಲೊ ಮಾರ್ಕೆಜ್ ಬಂದರು, ಅವರೂ ಹೋಗಿ ಖಾಲಿದ್ ಜಮೀಲ್ ಬಂದರು. ವಿದಾಯ ಹೇಳಿದ್ದ ಛೆಟ್ರಿ ಅವರನ್ನು ವಾಪಸ್ ಕರೆದರು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0–0. ಹಾಂಗ್‌ಕಾಂಗ್‌ನಲ್ಲಿ ಇಂಜುರಿ ಟೈಮ್ ಪೆನಾಲ್ಟಿಯಿಂದ 0–1. ಸಿಂಗಪುರದಲ್ಲಿ 90ನೇ ನಿಮಿಷದಲ್ಲಿ ರಹೀಮ್ ಅಲಿ ಹೊಡೆದ ಗೋಲಿನಿಂದ 1–1. ಗೋವಾದಲ್ಲಿ ಅದೇ ಸಿಂಗಪುರದ ಎದುರು ಮುನ್ನಡೆ ಪಡೆದು 1–2 ಸೋಲು, ಅಲ್ಲಿಗೆ ಏಷ್ಯನ್ ಕಪ್ ಆಸೆ ಮುಗಿಯಿತು. ನವೆಂಬರ್ 18ರಂದು ಢಾಕಾದಲ್ಲಿ 0–1. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 2003ರ ನಂತರ ಅದೇ ಮೊದಲು. ಅದೇ ದಿನ ಸಿಂಗಪುರ ಹಾಂಗ್‌ಕಾಂಗ್ ಅನ್ನು 2–1 ಸೋಲಿಸಿ ಏಷ್ಯನ್ ಕಪ್‌ಗೆ ಹೋಯಿತು. ಈ 5 ಪಂದ್ಯಗಳಲ್ಲಿ ನಮ್ಮ ಗೋಲು ಎರಡು. ಇಲ್ಲಿ ವಿವಾದದ ಗೋಲು ಯಾವುದೂ ಇರಲಿಲ್ಲ.

ಅದಕ್ಕೇ ನಿಮ್ಮಂಥ ಅಭಿಮಾನಿಗಳಿಗೆ ಒಂದು ಮಾತು ಹೇಳಬೇಕು ಅನಿಸುತ್ತದೆ. ದೋಹಾದ ಗೋಲಿನ ಬಗ್ಗೆ ಸಿಟ್ಟು ಇರಲಿ, ಅದು ತಪ್ಪೇ. ಆದರೆ ಎಐಎಫ್ಎಫ್ ಅನ್ನು ಪ್ರಶ್ನೆ ಕೇಳುವಾಗ ರೆಫರಿ ವಿಚಾರ ಒಂದನ್ನೇ ಕೇಳಬೇಡಿ. ಕ್ಲಬ್‌ಗಳಲ್ಲಿ ಭಾರತೀಯ ಸ್ಟ್ರೈಕರ್‌ಗಳಿಗೆ ವರ್ಷಕ್ಕೆ ಎಷ್ಟು ನಿಮಿಷ ಆಟ ಸಿಗುತ್ತಿದೆ ಎಂದು ಕೇಳಿ. 15, 16ನೇ ವಯಸ್ಸಿನ ಹುಡುಗರಿಗೆ ವರ್ಷವಿಡೀ ನಡೆಯುವ ಲೀಗ್ ಎಲ್ಲಿದೆ ಎಂದು ಕೇಳಿ. ಮುಂದಿನ ಅರ್ಹತಾ ಸುತ್ತಿಗೆ ಗುಂಪು ಎತ್ತುವ ದಿನ, ಜಪಾನ್ ಬಂತಾ ಕೊರಿಯಾ ಬಂತಾ ಎಂದು ನೋಡುವ ಮೊದಲು, ನಮ್ಮ ಕೆಳಗಿನ ಪಾಟ್‌ಗಳಿಂದ ಯಾರು ಬಂದರು ಎಂದು ನೋಡಿ. ಆ ತಂಡಗಳು ನಮ್ಮಲ್ಲಿಗೆ ಬಂದು ಆಡುವ ದಿನಾಂಕ ಬರೆದಿಟ್ಟುಕೊಳ್ಳಿ. ಆಗುವುದಾದರೆ ಟಿಕೆಟ್ ತೆಗೆದುಕೊಂಡು ಆ ಪಂದ್ಯಗಳಿಗೇ ಹೋಗಿ.